ಹೆರಿಗೆಯಲ್ಲಿ ತಾಯಿಯೋ ಮಗುವೋ ತೀರಿಕೊಂಡಾಗ: ನಿರ್ಲಕ್ಷ್ಯಕ್ಕೆ ಪರಿಹಾರ ಕೇಳುವುದು ಹೇಗೆ

ಹೆರಿಗೆಗೆಂದು ಹೋದ ಮಗಳು ಮನೆಗೆ ಬರಲಿಲ್ಲ. ಅಥವಾ ಒಂಬತ್ತು ತಿಂಗಳು ಹೊತ್ತ ಮಗು ಅಳಲೇ ಇಲ್ಲ. ಆ ಹೊತ್ತಿನಲ್ಲಿ ಕಾನೂನಿನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಆದರೂ ಮನೆಯವರು ತಿಳಿದಿರಬೇಕಾದ ಸಂಗತಿ ಒಂದಿದೆ: ಇಂಥ ಪ್ರಕರಣ ನಿಲ್ಲುತ್ತದೋ ಬೀಳುತ್ತದೋ ಎಂಬುದು ಬಹುಮಟ್ಟಿಗೆ ಮೊದಲ ಹತ್ತು ದಿನಗಳಲ್ಲೇ, ವಕೀಲರ ಮನೆ ಬಾಗಿಲು ತಟ್ಟುವ ಮೊದಲೇ ತೀರ್ಮಾನವಾಗಿಬಿಟ್ಟಿರುತ್ತದೆ. ಗಂಡ, ತಾಯಿ ಓಡಾಡುವ ಸ್ಥಿತಿಯಲ್ಲಿರುವುದಿಲ್ಲ. ಅಣ್ಣನೋ ಭಾವನೋ ಚಿಕ್ಕಪ್ಪನೋ, ಸ್ವಲ್ಪ ಗಟ್ಟಿ ಮನಸ್ಸಿನವರು ಒಬ್ಬರು ಕಾಗದಪತ್ರದ ಕೆಲಸವನ್ನು ಮೈಮೇಲೆ ಹಾಕಿಕೊಳ್ಳಬೇಕು.

ಸಾವು ಆಯಿತು ಅನ್ನುವುದೊಂದೇ ನಿರ್ಲಕ್ಷ್ಯಕ್ಕೆ ಸಾಕ್ಷಿಯಾಗುವುದಿಲ್ಲ. ಸಾಧಾರಣ ಜಾಣ್ಮೆಯ ವೈದ್ಯರು ಆ ಸ್ಥಿತಿಯಲ್ಲಿ ಮಾಡುತ್ತಿದ್ದುದನ್ನು ಇವರು ಮಾಡಲಿಲ್ಲ ಎಂದೂ, ಆ ತಪ್ಪಿನಿಂದಲೇ ಸಾವು ಬಂತು ಎಂದೂ ತೋರಿಸಬೇಕು. ಎರಡನೆಯದು ಕಷ್ಟ. ಗರ್ಭದ ನೀರು ರಕ್ತಕ್ಕೆ ಸೇರಿ ನಿಮಿಷಗಳಲ್ಲಿ ಪ್ರಾಣ ಹೋಗುವುದುಂಟು, ಅದನ್ನು ಯಾರೂ ತಡೆಯಲಾರರು. ಹೆರಿಗೆಯ ನಂತರ ರಕ್ತ ಸುರಿಯುತ್ತಿರುವಾಗ ಎರಡು ಗಂಟೆ ಯಾರೂ ನೋಡದೆ ಹೋಗುವುದೂ ಉಂಟು. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಬೇರ್ಪಡಿಸಿ ತೋರಿಸುವುದು ದಾಖಲೆ ಮಾತ್ರ.

ಪೋಸ್ಟ್‌ಮಾರ್ಟಂ

ಎಲ್ಲಕ್ಕಿಂತ ಭಾರವಾದ ನಿರ್ಧಾರ ಇದು, ಅದೂ ಗಂಟೆಗಳಲ್ಲಿ ಆಗಬೇಕು. "ಸತ್ತೋಳನ್ನ ಮತ್ತೆ ಕುಯ್ಯಿಸಬೇಡಿ" ಅಂತ ಹಿರಿಯರು ಹೇಳುತ್ತಾರೆ. ಆ ಸಂಕಟ ಅರ್ಥವಾಗುವಂಥದ್ದೇ. ಆದರೆ ಪೋಸ್ಟ್‌ಮಾರ್ಟಂ ಇಲ್ಲದೆ ಮಣ್ಣು ಮಾಡಿದರೆ ಸಾವಿನ ಕಾರಣವಾಗಿ ಉಳಿಯುವುದು ಆಸ್ಪತ್ರೆಯವರು ಬರೆದ ಒಂದು ಸಾಲು. ಅದನ್ನು ಅಲ್ಲಗಳೆಯಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಆಸ್ಪತ್ರೆ ಯಾವ ಠಾಣೆಯ ಸರಹದ್ದಿಗೆ ಬರುತ್ತದೋ ಅಲ್ಲಿ ಲಿಖಿತ ದೂರು ಕೊಡಿ. "ಸಾವಿನ ಬಗ್ಗೆ ಅನುಮಾನವಿದೆ, ಕಾರಣ ತಿಳಿಯಬೇಕು" ಎಂದಷ್ಟಿದ್ದರೆ ಸಾಕು. ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಿಸಿ, ಮಹಜರು ಮಾಡಿ, ಶವವನ್ನು ಸರ್ಕಾರಿ ಶವಾಗಾರಕ್ಕೆ ಕಳಿಸುತ್ತಾರೆ. ಪೋಸ್ಟ್‌ಮಾರ್ಟಂ ವಿಡಿಯೊ ಮಾಡಿಸಬೇಕೆಂದೂ, ಗರ್ಭಕೋಶ ಮತ್ತು ಶ್ವಾಸಕೋಶದ ತುಣುಕುಗಳನ್ನು ಹಿಸ್ಟೊಪೆಥಾಲಜಿಗೆ (ಸೂಕ್ಷ್ಮದರ್ಶಕದಡಿ ನೋಡುವ ಪರೀಕ್ಷೆಗೆ) ಕಳಿಸಬೇಕೆಂದೂ ಅದೇ ದೂರಿನಲ್ಲಿ ಕೇಳಿ. ಮಗು ಹೋಗಿದ್ದರೆ ಮಾಸನ್ನೂ ಲ್ಯಾಬಿಗೆ ಕಳಿಸಲು ಆಸ್ಪತ್ರೆಗೆ ಆ ಕ್ಷಣವೇ ಬರೆದುಕೊಡಿ. ಸೋಂಕಿತ್ತೇ, ಮಾಸು ಮೊದಲೇ ಬಿಟ್ಟುಕೊಂಡಿತ್ತೇ ಎಂಬುದನ್ನು ಅದು ಹೇಳಬಲ್ಲದು. ವೈದ್ಯಕೀಯ ತ್ಯಾಜ್ಯದ ನಿಯಮದ ಪ್ರಕಾರ ಮಾಸನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಹಳದಿ ಚೀಲಕ್ಕೆ ಹೋದ ಮೇಲೆ ಮುಗಿಯಿತು.

ಹೂತಾಗಿದ್ದರೆ ಮ್ಯಾಜಿಸ್ಟ್ರೇಟರ ಆದೇಶದಿಂದ ಹೊರತೆಗೆಸಿ ಪರೀಕ್ಷೆ ಮಾಡಿಸಬಹುದು. ದಹನವಾಗಿದ್ದರೂ ಕೈಚೆಲ್ಲಬೇಡಿ. ಆಗ ಪ್ರಕರಣ ಪೂರ್ತಿ ಆಸ್ಪತ್ರೆಯ ದಾಖಲೆಗಳ ಮೇಲೆ ನಿಲ್ಲುತ್ತದೆ.

ಬಿಲ್ ಬಾಕಿ ಇದೆ ಎಂದು ಶವ ಕೊಡದೆ ಇರಿಸಿಕೊಳ್ಳಲು ಖಾಸಗಿ ಆಸ್ಪತ್ರೆಗೆ ಕರ್ನಾಟಕದ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ಅವಕಾಶವಿಲ್ಲ. ಇನ್ನೊಂದು ಮಾತು, ಕೈಮುಗಿದು ಹೇಳಬೇಕಾದದ್ದು: ಗಾಜು ಒಡೆಯುವುದು, ಡಾಕ್ಟರ ಮೇಲೆ ಕೈಮಾಡುವುದು ಬೇಡ. ಅದಕ್ಕೆ ರಾಜ್ಯದಲ್ಲಿ 2009ರಿಂದ ಪ್ರತ್ಯೇಕ ಕಾಯ್ದೆಯಿದೆ, ಜೈಲಿನ ಅಪರಾಧ. ದೂರುದಾರರಾಗಬೇಕಿದ್ದವರು ಆರೋಪಿಗಳಾಗುತ್ತಾರೆ, ರಾಜಿ ಮಾಡಿಕೊಳ್ಳುವ ಒತ್ತಡಕ್ಕೆ ಸಿಕ್ಕಿಬೀಳುತ್ತಾರೆ.

ಕೇಸ್‌ಶೀಟ್ ತೆಗೆಯುವುದು

ರೋಗಿಯೋ ಆಕೆಯ ವಾರಸುದಾರರೋ ಬರೆದು ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ಮಂಡಳಿಯ ನಿಯಮ ಹೇಳುತ್ತದೆ. ಡಿಸ್ಚಾರ್ಜ್ ಸಮ್ಮರಿ ಅಥವಾ ಡೆತ್ ಸಮ್ಮರಿಯ ಎರಡು ಹಾಳೆ ಕೊಟ್ಟು ಕಳಿಸಿದರೆ ಒಪ್ಪಬೇಡಿ. ಅದು ಎಲ್ಲ ಮುಗಿದ ಮೇಲೆ ಬರೆದದ್ದು. ಬೇಕಾದದ್ದು ನಡೆಯುತ್ತಿರುವಾಗ ಬರೆದದ್ದು: ಪೂರ್ತಿ ಕೇಸ್‌ಶೀಟ್, ಪಾರ್ಟೊಗ್ರಾಫ್ (ಹೆರಿಗೆ ಮುಂದುವರಿದ ಬಗೆಯನ್ನು ಗುರುತು ಹಾಕುವ ನಕ್ಷೆ), ಮಗುವಿನ ಎದೆಬಡಿತದ ಸಿಟಿಜಿ ಪಟ್ಟಿ, ನರ್ಸ್‌ಗಳ ನೋಟ್ಸ್, ಔಷಧಿ ಚಾರ್ಟ್, ಆಪರೇಷನ್ ಮತ್ತು ಅರಿವಳಿಕೆಯ ದಾಖಲೆ, ಕನ್ಸೆಂಟ್ ಫಾರಂ, ರಕ್ತ ಕೇಳಿದ ಮತ್ತು ಬಂದ ಸಮಯ, ಮಗುವಿನ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ದಾಖಲೆ, ಬೇರೆ ಕಡೆಗೆ ಕಳಿಸಿದ್ದರೆ ರೆಫರಲ್ ಚೀಟಿ. ಹೆಸರು ಹಿಡಿದು ಒಂದೊಂದನ್ನೂ ಕೇಳಿ. ಅರ್ಜಿಯ ನಕಲಿಗೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ವೀಕೃತಿ ಬರುವಂತೆ ಸ್ಪೀಡ್ ಪೋಸ್ಟ್ ಮಾಡಿ. ಕೇಳಿದರೂ ಕೊಡಲಿಲ್ಲ ಎಂಬುದು ಮುಂದೆ ಆಸ್ಪತ್ರೆಯ ವಿರುದ್ಧವೇ ಎಣಿಕೆಗೆ ಬರುತ್ತದೆ.

ಸಿಟಿಜಿ ಪಟ್ಟಿ ಸಾಮಾನ್ಯವಾಗಿ ಥರ್ಮಲ್ ಕಾಗದ, ಬಸ್ ಟಿಕೆಟಿನ ಹಾಗೆ ಮಾಸಿಹೋಗುತ್ತದೆ. ಸಿಕ್ಕ ದಿನವೇ ಜೆರಾಕ್ಸ್ ಮಾಡಿಸಿ. ಸಿಸಿಟಿವಿ ದೃಶ್ಯಗಳ ಮೇಲೆ ಕೆಲವೇ ದಿನಗಳಲ್ಲಿ ಹೊಸದು ದಾಖಲಾಗಿಬಿಡುತ್ತದೆ. ಉಳಿಸಿಕೊಳ್ಳಬೇಕೆಂದು ಮೊದಲ ವಾರವೇ ಬರೆದುಕೊಡಿ. ತಾಯಿ ಕಾರ್ಡ್ ನಿಮ್ಮ ಬಳಿಯೇ ಇರಲಿ. ಬಿಪಿ, ಹಿಮೋಗ್ಲೋಬಿನ್, ಆಶಾ ಕಾರ್ಯಕರ್ತೆ ಬರೆದ ಅಪಾಯದ ಗುರುತು ಎಲ್ಲವೂ ಅದರಲ್ಲಿದೆ. ಅದನ್ನು ಆಸ್ಪತ್ರೆಯಲ್ಲಿ ಕೊಟ್ಟು ಮರೆತವರು ಬಹಳ. ಸರ್ಕಾರಿ ಆಸ್ಪತ್ರೆಯಾದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯೂ ಹಾಕಿ. 30 ದಿನದಲ್ಲಿ ಉತ್ತರ ಬರಬೇಕು.

ದಾಖಲೆ ಬಂದ ಮೇಲೆ ಒಂದು ದೊಡ್ಡ ಹಾಳೆಯಲ್ಲಿ ಸಮಯದ ಪಟ್ಟಿ ಮಾಡಿ. ಎಡಗಡೆ ಗಂಟೆ-ನಿಮಿಷ, ನಡುವೆ ಆಸ್ಪತ್ರೆಯ ಕಾಗದ ಹೇಳುವುದು, ಬಲಗಡೆ ನಿಮಗೆ ಗೊತ್ತಿರುವುದು: ಫೋನ್ ಕರೆಗಳ ಸಮಯ, ವಾಟ್ಸ್ಯಾಪ್ ಸಂದೇಶ, ಮೆಡಿಕಲ್ ಶಾಪಿನ ಬಿಲ್ಲಿನ ಮೇಲಿರುವ ಸಮಯ, ಯುಪಿಐ ಪಾವತಿ, 108 ಹತ್ತಿದ ಹೊತ್ತು. ನಾಗಮಂಗಲದ ತಾಲ್ಲೂಕು ಆಸ್ಪತ್ರೆಯಿಂದ ಮಂಡ್ಯದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್‌ಗೆ, ಅಲ್ಲಿಂದ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಎಂದು ಬಸುರಿಯನ್ನು ಮುಂದೆ ಮುಂದೆ ಕಳಿಸುವುದು ನಮ್ಮ ಕಡೆ ಇದ್ದದ್ದೇ. ಹಾಗೆ ಮೂರು ಕಡೆ ದಾಟಿದ್ದರೆ ಮೂರೂ ಕಡೆಯ ದಾಖಲೆ ಬೇಕು. ಎಲ್ಲಿ ತಡವಾಯಿತು ಎಂಬುದು ಒಂದೇ ಹಾಳೆಯಲ್ಲಿ ಕಾಣಬೇಕು.

ಕಣ್ಣಿಟ್ಟು ನೋಡಬೇಕಾದ ಜಾಗಗಳಿವೆ. ನೋವು ಶುರುವಾದ ಮೇಲೆ ಮಗುವಿನ ಎದೆಬಡಿತವನ್ನು ಅರ್ಧ ಗಂಟೆಗೊಮ್ಮೆ ಪಾರ್ಟೊಗ್ರಾಫ್‌ನಲ್ಲಿ ಗುರುತು ಹಾಕಬೇಕು. ಮಧ್ಯೆ ಮೂರು ಗಂಟೆ ಖಾಲಿ ಇದ್ದರೆ ಅದೇ ನಿಮ್ಮ ಪ್ರಕರಣ. ಎಲ್ಲ ಗುರುತುಗಳೂ ಒಂದೇ ಪೆನ್ನಿನಲ್ಲಿ, ಒಂದೇ ಸಮನೆ ಇದ್ದರೆ ನಂತರ ತುಂಬಿದ್ದಿರಬಹುದು. ಆದರೆ ಅನುಮಾನವನ್ನೇ ಆರೋಪ ಮಾಡಬೇಡಿ, ಮೂಲ ಪ್ರತಿ ಹಾಜರುಪಡಿಸಲು ಅರ್ಜಿ ಹಾಕಿ. ಸಿಸೇರಿಯನ್ ಬೇಕೆಂದು ಬರೆದ ಸಮಯಕ್ಕೂ ಮಗು ಹೊರಬಂದ ಸಮಯಕ್ಕೂ ಎಷ್ಟು ಅಂತರವಿದೆ? ತುರ್ತಿನಲ್ಲಿ 30 ನಿಮಿಷ ಎಂಬುದು ವೈದ್ಯರೇ ಇಟ್ಟುಕೊಂಡ ಅಳತೆ. ಅದು ಕಾನೂನಲ್ಲ, ಆದರೂ ಎರಡೂವರೆ ಗಂಟೆಯಾಗಿದ್ದರೆ ಆಸ್ಪತ್ರೆ ವಿವರಣೆ ಕೊಡಲೇಬೇಕಾಗುತ್ತದೆ. ಸಹಜ ಹೆರಿಗೆಯಲ್ಲಿ 500 ಮಿ.ಲೀ., ಸಿಸೇರಿಯನ್‌ನಲ್ಲಿ 1000 ಮಿ.ಲೀ. ದಾಟಿದ ರಕ್ತಸ್ರಾವ ಅಪಾಯದ ಗಡಿ. ಗಡಿ ದಾಟಿದಾಗ ಬಿಪಿ, ನಾಡಿ ಎಷ್ಟು ಸಲ ನೋಡಿದರು, ರಕ್ತಕ್ಕೆ ಯಾವಾಗ ಬರೆದರು ಎಂದು ಸಾಲು ಸಾಲಾಗಿ ನೋಡಿ.

ಮಗು ಬದುಕಿ ಮಿದುಳಿಗೆ ಪೆಟ್ಟಾಗಿದ್ದರೆ ಎಚ್ಚರ ಇನ್ನೂ ಹೆಚ್ಚು ಬೇಕು. ಸೆರೆಬ್ರಲ್ ಪಾಲ್ಸಿಗೆ (ಮಿದುಳಿನ ಪೆಟ್ಟಿನಿಂದ ಕೈಕಾಲಿನ ಹಿಡಿತ ತಪ್ಪುವ ಸ್ಥಿತಿಗೆ) ಅವಧಿಪೂರ್ವ ಜನನ, ಸೋಂಕು, ವಂಶವಾಹಿ ಹೀಗೆ ಹಲವು ಕಾರಣಗಳಿವೆ. ಹೆರಿಗೆಯಲ್ಲಿ ಆಮ್ಲಜನಕ ಸಿಗದೆ ಹೀಗಾಯಿತು ಎನ್ನಲು 5 ನಿಮಿಷದ ಆಪ್ಗಾರ್ ಅಂಕ (ಹುಟ್ಟಿದ ಮಗುವಿನ ಉಸಿರು, ಎದೆಬಡಿತ, ಚಲನೆ ನೋಡಿ ಕೊಡುವ ಅಂಕ), ಹೊಕ್ಕುಳಬಳ್ಳಿ ರಕ್ತದ ಪರೀಕ್ಷೆ, ಮೊದಲ ದಿನಗಳಲ್ಲಿ ಬಂದ ಫಿಟ್ಸ್, ಎಂಆರ್‌ಐ ಇವೆಲ್ಲ ಒಂದೇ ಮಾತು ಹೇಳಬೇಕು. ಇದಕ್ಕೆ ಹೋಲಿಸಿದರೆ ಕಣ್ಣಿನ ಪ್ರಕರಣ ಸರಳ. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕೆ.ಜಿ.ಗಿಂತ ಹಗುರಾದ ಮಗುವಿಗೆ ನಾಲ್ಕು ವಾರದೊಳಗೆ ಆರ್‌ಒಪಿ (ಅವಧಿಗೆ ಮೊದಲು ಹುಟ್ಟಿದ ಮಕ್ಕಳ ಅಕ್ಷಿಪಟಲದ ತೊಂದರೆ) ಕಣ್ಣಿನ ತಪಾಸಣೆ ಆಗಲೇಬೇಕು. ಮಾಡಿಸಲಿಲ್ಲ, ಮಾಡಿಸಿ ಎಂದೂ ಹೇಳಲಿಲ್ಲ ಎಂದು ಕಾಗದವೇ ತೋರಿಸುತ್ತದೆ. 2019ರಲ್ಲಿ ಇಂಥದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 76 ಲಕ್ಷ ರೂಪಾಯಿ ಕೊಡಿಸಿತು.

ಯಾವ ಬಾಗಿಲು

ಹಣ ಕೊಟ್ಟಿದ್ದೀರಾ ಎಂಬ ಪ್ರಶ್ನೆ ಇಲ್ಲಿ ಮೊದಲು. ಕೊಟ್ಟಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 1995ರ ವಿ.ಪಿ. ಶಾಂತಾ ತೀರ್ಪಿನಿಂದ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬಂದಿದೆ. ಇನ್ಶೂರೆನ್ಸ್ ಕಂಪನಿ ಬಿಲ್ ಕಟ್ಟಿದ್ದರೂ ನೀವು ಗ್ರಾಹಕರೇ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಲ್ಲಿ ಉಚಿತವಾಗಿ ತೋರಿಸಿಕೊಂಡವರೂ ಗ್ರಾಹಕರೇ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೆಚ್ಚಾಗಿ ಹೋಗುವ ಇಎಸ್‌ಐ (ಕಾರ್ಮಿಕರ ವಿಮೆಯ) ಆಸ್ಪತ್ರೆಯೂ ಇದರೊಳಗೆ ಬರುತ್ತದೆಂದು 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆಯೋಗಕ್ಕೆ ದೂರು ಕೊಡಲು ಗಡುವು ಎರಡು ವರ್ಷ. ನೀವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ಹಾಕಬಹುದು. ಆಸ್ಪತ್ರೆ ಮೈಸೂರಿನದ್ದಾಗಿದ್ದು ನೀವು ಮದ್ದೂರಿನವರಾದರೆ ಮಂಡ್ಯದಲ್ಲೇ ಸಾಕು. ಯಾವ ಹಂತದ ಆಯೋಗ ಎಂಬುದನ್ನು 2019ರ ಕಾಯ್ದೆ ನೀವು ಆಸ್ಪತ್ರೆಗೆ ಕೊಟ್ಟ ಹಣದ ಮೇಲೆ ಅಳೆಯುತ್ತದೆ. ಕೇಳುವ ಪರಿಹಾರ ಎಷ್ಟಿದ್ದರೂ ಲೆಕ್ಕಕ್ಕಿಲ್ಲ. 50 ಲಕ್ಷದವರೆಗೆ ಕೊಟ್ಟಿದ್ದರೆ ಜಿಲ್ಲಾ ಆಯೋಗ. 85 ಸಾವಿರದ ಬಿಲ್ ಕಟ್ಟಿ 60 ಲಕ್ಷ ಪರಿಹಾರ ಕೇಳಿದರೂ ಜಿಲ್ಲಾ ಆಯೋಗವೇ, ಶುಲ್ಕವೂ ಇಲ್ಲ. ಕೊಟ್ಟ ಹಣ ಐದು ಲಕ್ಷ ದಾಟಿದರೆ ಮಾತ್ರ ಶುಲ್ಕ, ಅದೂ 200 ರೂಪಾಯಿಯಿಂದ ಶುರು. ಇ-ಜಾಗೃತಿ ಪೋರ್ಟಲಿನಲ್ಲಿ ಆನ್‌ಲೈನ್ ಹಾಕಬಹುದು. ಆಸ್ಪತ್ರೆಯವರು 30 ದಿನದಲ್ಲಿ ತಕರಾರು ಸಲ್ಲಿಸಬೇಕು, ಹೆಚ್ಚೆಂದರೆ ಇನ್ನು 15 ದಿನ.

ಎಲ್ಲರಿಗೂ ಪೂರ್ತಿ ಉಚಿತವಾಗಿರುವ ಸರ್ಕಾರಿ ಆಸ್ಪತ್ರೆಯಾದರೆ ಗ್ರಾಹಕ ಆಯೋಗದ ಬಾಗಿಲು ಮುಚ್ಚಿದೆ. ಆಗ ಸಿವಿಲ್ ದಾವೆ ಹಾಕಬೇಕು. ಸರ್ಕಾರಕ್ಕೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 80ನೇ ಕಲಮಿನ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ಸಾವಿನ ದಾವೆ 1855ರ ಮಾರಣಾಂತಿಕ ಅಪಘಾತಗಳ ಕಾಯ್ದೆಯಡಿ ಬರುತ್ತದೆ, ಗಡುವು ಸಾವಿನ ದಿನದಿಂದ ಎರಡು ವರ್ಷ. ಅದರ ಲಾಭ ಗಂಡ, ಹೆಂಡತಿ, ತಂದೆತಾಯಿ, ಮಕ್ಕಳಿಗೆ ಮಾತ್ರ. ಅಣ್ಣತಮ್ಮಂದಿರು ಓಡಾಡಬಹುದು, ಪರಿಹಾರ ಕೇಳಲಾಗುವುದಿಲ್ಲ. ತಪ್ಪು ದಾಖಲೆಯಲ್ಲೇ ಎದ್ದು ಕಾಣುವಂತಿದ್ದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿಯೂ (ಸರ್ಕಾರದ ವಿರುದ್ಧ ನೇರವಾಗಿ ಹಾಕುವ ಅರ್ಜಿ) ಒಂದು ದಾರಿ. ಖರ್ಚಿನ ಭಯದಿಂದ ಸುಮ್ಮನಾಗಬೇಡಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಮೃತಳ ತಾಯಿಯ ಹೆಸರಿನಲ್ಲಿ ಕೇಳಬಹುದು. ಸಹಾಯವಾಣಿ 15100.

ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಟ್ಟರೆ ವೈದ್ಯರ ನೋಂದಣಿಯ ಮೇಲೆ ಕ್ರಮವಾಗಬಹುದು, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೆಪಿಎಂಇ ಪ್ರಾಧಿಕಾರ ಆಸ್ಪತ್ರೆಯನ್ನು ವಿಚಾರಿಸಬಹುದು. ಪರಿಹಾರದ ದಾರಿ ಇವಲ್ಲ. ಕ್ರಿಮಿನಲ್ ಪ್ರಕರಣಕ್ಕೆ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ಘೋರ ನಿರ್ಲಕ್ಷ್ಯ ಬೇಕು, ಪೊಲೀಸರು ಮೊದಲು ಸ್ವತಂತ್ರ ವೈದ್ಯರ ಅಭಿಪ್ರಾಯ ತರಿಸಬೇಕು. ಇವುಗಳ ಫಲಿತಾಂಶ ಬರಲಿ ಎಂದು ಕಾಯುತ್ತಾ ಎರಡು ವರ್ಷದ ಗಡುವು ದಾಟಿಸಿಕೊಂಡ ಕುಟುಂಬಗಳಿವೆ. ಎಲ್ಲವನ್ನೂ ಒಟ್ಟಿಗೆ ನಡೆಸಬಹುದು.

ದೂರು ಬರೆಯುವಾಗ

ಆಯೋಗದಲ್ಲಿ ವಿಚಾರಣೆ ನಡೆಯುವುದು ಬಹುಪಾಲು ಪ್ರಮಾಣಪತ್ರ ಮತ್ತು ದಾಖಲೆಗಳ ಮೇಲೆ. ನಿಮ್ಮ ಬರಹವೇ ನಿಮ್ಮ ಸಾಕ್ಷಿ. "ನಿರ್ಲಕ್ಷ್ಯದಿಂದ ಕೊಂದರು" ಎಂದು ಹತ್ತು ಸಲ ಬರೆದರೆ ಉಪಯೋಗವಿಲ್ಲ. "ರಾತ್ರಿ 11.40ಕ್ಕೆ ಬಿಪಿ 80/50 ಎಂದು ನರ್ಸ್ ಬರೆದಿದ್ದಾರೆ (ಪುಟ 34), ನಂತರದ ವೈದ್ಯರ ಟಿಪ್ಪಣಿ 1.55ರದ್ದು (ಪುಟ 35)" ಎಂದು ಬರೆಯಿರಿ. ಆಸ್ಪತ್ರೆ, ಹೆರಿಗೆ ವೈದ್ಯರು, ಅರಿವಳಿಕೆ ವೈದ್ಯರು, ಅಗತ್ಯವಿದ್ದರೆ ಮಕ್ಕಳ ವೈದ್ಯರು, ಎಲ್ಲರನ್ನೂ ಎದುರುದಾರರನ್ನಾಗಿ ಸೇರಿಸಿ. ಬಿಟ್ಟವರ ಮೇಲೆ ಉಳಿದವರು ತಪ್ಪು ಹೊರಿಸಿ ಜಾರಿಕೊಳ್ಳುತ್ತಾರೆ. ನಾಡಕಚೇರಿಯಿಂದ ವಂಶವೃಕ್ಷ, ಜನನ-ಮರಣ ಪ್ರಮಾಣಪತ್ರ ಜೊತೆಗಿರಲಿ. ಸತ್ತು ಹುಟ್ಟಿದ ಮಗುವನ್ನೂ ನೋಂದಾಯಿಸಲು ಬೇರೆ ನಮೂನೆಯಿದೆ. 21 ದಿನದೊಳಗೆ ಆಸ್ಪತ್ರೆ ಅದನ್ನು ಕಳಿಸಿದೆಯೇ ಎಂದು ವಿಚಾರಿಸಿ.

ತಜ್ಞರ ಅಭಿಪ್ರಾಯ ಎಲ್ಲ ಪ್ರಕರಣಕ್ಕೂ ಕಡ್ಡಾಯವಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಹೊಟ್ಟೆಯೊಳಗೆ ಬಟ್ಟೆ ಬಿಟ್ಟರೆ, ಬೇರೆ ಗುಂಪಿನ ರಕ್ತ ಹಾಕಿದರೆ ಯಾರೂ ವಿವರಿಸಬೇಕಿಲ್ಲ. ಹೆರಿಗೆಯ ತಡ, ಔಷಧದ ಪ್ರಮಾಣ ಇಂಥ ವಿಷಯಕ್ಕೆ ಮಾತ್ರ ತಜ್ಞರಿಲ್ಲದೆ ಹೋಗಬೇಡಿ. ಅತಿ ಹೆಚ್ಚು ಪ್ರಕರಣ ಸೋಲುವುದು ಇಲ್ಲೇ. ಒಂದೇ ಊರಿನ ವೈದ್ಯರು ಒಬ್ಬರ ಮೇಲೊಬ್ಬರು ಬರೆದುಕೊಡಲು ಹಿಂಜರಿಯುತ್ತಾರೆ, ಹೊರ ಜಿಲ್ಲೆಯ ಹೆರಿಗೆ ತಜ್ಞರನ್ನು ಹುಡುಕಿ. ಸಿಗದಿದ್ದರೆ ದಾಖಲೆಗಳನ್ನು ಸರ್ಕಾರಿ ವೈದ್ಯಕೀಯ ಕಾಲೇಜಿನ ತಜ್ಞರಿಗೆ ಕಳಿಸುವಂತೆ ಆಯೋಗಕ್ಕೇ ಅರ್ಜಿ ಹಾಕಿ, ಪ್ರಶ್ನೆಗಳನ್ನು ನೀವೇ ಬರೆದುಕೊಡಿ. "ನಿರ್ಲಕ್ಷ್ಯವೇ?" ಎಂದು ಕೇಳಿದರೆ "ಅಲ್ಲ" ಎಂಬ ಒಂದೇ ಪದ ಬರಬಹುದು. "11.40ರ ಬಿಪಿ ನೋಡಿದ ಮೇಲೆ ಏನು ಮಾಡಬೇಕಿತ್ತು, ಎಷ್ಟು ಹೊತ್ತಿನೊಳಗೆ, ಮಾಡಿದ್ದರೆ ಬದುಕುವ ಸಾಧ್ಯತೆ ಇತ್ತೇ?" ಎಂದು ಕೇಳಿ.

ಗಂಡ ಗಾಬರಿಯಲ್ಲಿ ಹಾಕಿದ ಸಹಿಗೆ ಹೆದರಬೇಡಿ. ಕನ್ಸೆಂಟ್ ಎಂದರೆ ಆಪರೇಷನ್ನಿನ ಸಹಜ ಅಪಾಯವನ್ನು ಒಪ್ಪಿದಂತೆ. ನಿರ್ಲಕ್ಷ್ಯವನ್ನು ಒಪ್ಪಿದಂತೆ ಆಗುವುದಿಲ್ಲ. ಆದರೆ ಸಾವಿನ ನಂತರ "ಬಿಲ್ ಮನ್ನಾ ಮಾಡಿದ್ದೇವೆ, ತಕರಾರಿಲ್ಲ" ಎಂಬ ಕಾಗದಕ್ಕೆ ಸಹಿ ಕೇಳಿದರೆ ಹಾಕಬೇಡಿ.

ಹಣದ ಲೆಕ್ಕ, ಅಪಘಾತದಲ್ಲಿ ಬಸುರಿ ಹೋದಾಗ

ಸಾವಿನ ಪರಿಹಾರದ ಲೆಕ್ಕ ಪಕ್ಕಾ ಇರುವುದು ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ. ವೈದ್ಯಕೀಯ ಪ್ರಕರಣದಲ್ಲಿ ಅದು ಮಾರ್ಗದರ್ಶಿ ಮಾತ್ರ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರು ಡಿಕ್ಕಿಯಾಗಿ 28 ವರ್ಷದ ಬಸುರಿ ತೀರಿಕೊಂಡಳು, ಗಾರ್ಮೆಂಟ್ಸ್‌ನಲ್ಲಿ ತಿಂಗಳಿಗೆ 14,000 ಸಂಬಳ, ಹಿಂದೆ ಗಂಡ, ಒಂದು ಮಗು, ಆಕೆಯನ್ನೇ ನೆಚ್ಚಿದ್ದ ತಾಯಿ ಎಂದು ಇಟ್ಟುಕೊಳ್ಳಿ. ಪ್ರಣಯ್ ಸೇಠಿ (2017) ತೀರ್ಪಿನಂತೆ 40ರೊಳಗಿನ, ಕಾಯಂ ಅಲ್ಲದ ಕೆಲಸಕ್ಕೆ ಮುಂದಿನ ಏಳಿಗೆಯೆಂದು ಶೇ. 40 ಸೇರಿಸಿದರೆ 19,600. ಆಕೆಯ ಸ್ವಂತ ಖರ್ಚೆಂದು ಮೂರನೇ ಒಂದು ಭಾಗ ಕಳೆದು 12ರಿಂದ ಗುಣಿಸಿದರೆ ವರ್ಷಕ್ಕೆ 1,56,800. ಸರಳಾ ವರ್ಮ (2009) ಕೋಷ್ಟಕದಲ್ಲಿ 26-30 ವಯಸ್ಸಿನ ಗುಣಕ (ವರ್ಷದ ಮೊತ್ತವನ್ನು ಗುಣಿಸುವ ಸಂಖ್ಯೆ) 17, ಅಲ್ಲಿಗೆ 26,65,600. ಒಡನಾಟದ ನಷ್ಟ ತಲಾ 40,000 ಇದ್ದದ್ದು ಮೂರು ವರ್ಷಕ್ಕೊಮ್ಮೆ ಶೇ. 10 ಏರಿ 2023ರ ಕೊನೆಯಿಂದ 48,400. ಮೂವರಿಗೆ 1,45,200. ಆಸ್ತಿ ನಷ್ಟ (ಬದುಕಿದ್ದರೆ ಆಕೆ ಕೂಡಿಡುತ್ತಿದ್ದದ್ದು), ಅಂತ್ಯಕ್ರಿಯೆ ತಲಾ 18,150. ಒಟ್ಟು 28,47,100, ಮೇಲೆ ಬಡ್ಡಿ. ಮನೆಯಲ್ಲೇ ಇದ್ದ ಗೃಹಿಣಿಯ ದುಡಿಮೆಗೂ ಆದಾಯ ಕಟ್ಟುತ್ತಾರೆ, ಸೊನ್ನೆ ಎಂದು ಬರೆಸಿಕೊಂಡು ಬರಬೇಡಿ.

ಗರ್ಭದಲ್ಲಿದ್ದ ಮಗುವಿಗೆ ಬೇರೆಯಾಗಿ ಕೇಳಬೇಕು. ಅಪಘಾತದಿಂದ ಸತ್ತು ಹುಟ್ಟಿದ ಮಗುವಿಗೆ ಕೊಟ್ಟ ಪರಿಹಾರವನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿದಿದೆ. ಎಷ್ಟು ವಾರ ತುಂಬಿತ್ತು ಎಂಬುದಕ್ಕೆ ತಾಯಿ ಕಾರ್ಡ್ ಮತ್ತು ಸ್ಕ್ಯಾನಿಂಗ್ ವರದಿಯೇ ಆಧಾರ. ಪೋಸ್ಟ್‌ಮಾರ್ಟಂ ವರದಿಯಲ್ಲೂ ಶಿಶುವಿನ ವಿವರ ಬರೆದಿರಬೇಕು. ಅರ್ಜಿಯನ್ನು ಅಪಘಾತದ ಆರು ತಿಂಗಳೊಳಗೆ ಹಾಕಿ. ಡಿಕ್ಕಿ ಹೊಡೆದ ವಾಹನ ಸಿಗದಿದ್ದರೆ ಸಾವಿಗೆ 2 ಲಕ್ಷ ಕೊಡುವ ಪ್ರತ್ಯೇಕ ಯೋಜನೆಯಿದೆ.

ಮಾನಸಿಕ ಯಾತನೆ

ಬಾಗಿಲು ಬದಲಾದಂತೆ ಇದರ ನಿಯಮವೂ ಬದಲಾಗುತ್ತದೆ. ಗ್ರಾಹಕ ಆಯೋಗದಲ್ಲಿ ಹೆತ್ತವರ ಯಾತನೆಗೆ ಪ್ರತ್ಯೇಕ ಮೊತ್ತ ಸಿಗುತ್ತದೆ. 1998ರ ಸ್ಪ್ರಿಂಗ್ ಮೆಡೋಸ್ ಪ್ರಕರಣದಲ್ಲಿ ಮಗುವಿಗೆ 12.5 ಲಕ್ಷ, ತಂದೆತಾಯಿಯ ಯಾತನೆಗೆ 5 ಲಕ್ಷ ಎಂಬ ಆದೇಶ ಸುಪ್ರೀಂ ಕೋರ್ಟಿನಲ್ಲೂ ಉಳಿಯಿತು, ಮಗುವಿನ ಜೊತೆ ಹೆತ್ತವರೂ ಗ್ರಾಹಕರೇ ಎಂದಾಯಿತು. ಅಪಘಾತ ನ್ಯಾಯಮಂಡಳಿಯಲ್ಲಿ ಒಡನಾಟದ ನಷ್ಟದೊಳಗೇ ಅದು ಸೇರಿದೆ. "ಪ್ರೀತಿ ವಾತ್ಸಲ್ಯದ ನಷ್ಟ" ಎಂದು ಮತ್ತೊಂದು ಸಾಲು 2020ರಿಂದ ನಡೆಯುವುದಿಲ್ಲ. ಸಿವಿಲ್ ಕೋರ್ಟಿನಲ್ಲಿ ದುಃಖವಾಯಿತು ಎಂದರೆ ಸಾಲದು, ಅದು ಕಾಯಿಲೆಯಾಯಿತು ಎಂದು ತೋರಿಸಿದರೆ ಬಲ.

ಇದಕ್ಕೂ ಕಾಗದ ಬೇಕು, ಅದಕ್ಕಿಂತ ಮೊದಲು ಚಿಕಿತ್ಸೆ ಬೇಕು. ಮಗು ಕಳೆದುಕೊಂಡ ಬಾಣಂತಿ ನಿದ್ದೆ ಮಾಡುತ್ತಿಲ್ಲ, ಊಟ ಬಿಟ್ಟಿದ್ದಾಳೆ, ಖಾಲಿ ತೊಟ್ಟಿಲು ತೂಗುತ್ತಾಳೆ ಎಂದರೆ "ದಿನ ಕಳೆದಂತೆ ಸರಿಹೋಗ್ತಾಳೆ ಬಿಡಿ" ಎಂದು ಬಿಡಬೇಡಿ. ಮಿಮ್ಸ್‌ನಲ್ಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416 ಕನ್ನಡದಲ್ಲೇ ಸಿಗುತ್ತದೆ. ಒಪಿಡಿ ಚೀಟಿ, ಮಾತ್ರೆಯ ಬಿಲ್, ಕೆಲಸಕ್ಕೆ ಹಾಕಿದ ರಜೆ ಎತ್ತಿಡಿ. ಪ್ರಮಾಣಪತ್ರದಲ್ಲಿ ದೊಡ್ಡ ಪದಗಳ ಬದಲು ನಡೆದದ್ದನ್ನು ಬರೆಯಿರಿ: ಎಷ್ಟು ದಿನ ಕೆಲಸಕ್ಕೆ ಹೋಗಲಿಲ್ಲ, ಯಾವಾಗಿನಿಂದ ಮಾತ್ರೆ, ಆಸ್ಪತ್ರೆಯ ರಸ್ತೆಯಲ್ಲಿ ಬಸ್ ಹತ್ತಲಾಗುವುದಿಲ್ಲ ಎಂಬುದು.

ಸಾವಿಲ್ಲದ ಇನ್ನೊಂದು ಬಗೆಯ ದೂರೂ ಇದೆ. ಸಂತಾನಹರಣದ ಆಪರೇಷನ್ ಆದ ಮೇಲೂ ಗರ್ಭ ನಿಂತರೆ ಅದೊಂದೇ ನಿರ್ಲಕ್ಷ್ಯವಲ್ಲ. ಸರಿಯಾಗಿ ಮಾಡಿದ ಆಪರೇಷನ್ನೂ ಅಪರೂಪಕ್ಕೆ ವಿಫಲವಾಗುತ್ತದೆ ಎಂದು 2005ರ ಶಿವ್ ರಾಮ್ ತೀರ್ಪು ಹೇಳುತ್ತದೆ. ಒಂದೇ ಕಡೆಯ ನಾಳ ಕಟ್ಟಿದ್ದರು ಎಂಬಂಥ ತಪ್ಪು ದಾಖಲೆಯಲ್ಲಿ ಕಂಡರೆ ಮಾತ್ರ ಮಗುವನ್ನು ಸಾಕುವ ಖರ್ಚು ಕೇಳಬಹುದು, 2000ದಲ್ಲಿ ಹಾಗೆ ಕೊಡಿಸಿದ್ದುಂಟು. ಸರ್ಕಾರಿ ಶಿಬಿರದ ಆಪರೇಷನ್ನಾದರೆ ಕುಟುಂಬ ಯೋಜನೆ ನಷ್ಟ ಪರಿಹಾರ ಯೋಜನೆಗೆ ತಡಮಾಡದೆ ಆರೋಗ್ಯ ಇಲಾಖೆಯ ಮೂಲಕ ಅರ್ಜಿ ಹಾಕಿ. ಅಲ್ಲಿ ತಪ್ಪು ಸಾಬೀತು ಮಾಡಬೇಕಿಲ್ಲ.

ಆದೇಶ ಬಂದ ಮೇಲೆ

ಗ್ರಾಹಕ ಆಯೋಗದಲ್ಲಿ ಸೋತವರಿಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಲು 45 ದಿನ. ಆಸ್ಪತ್ರೆ ಮೇಲ್ಮನವಿ ಹಾಕಬೇಕಾದರೆ ಆದೇಶದ ಅರ್ಧ ಹಣ ಠೇವಣಿ ಇಡಬೇಕು. ಹಣ ಕೊಡದಿದ್ದರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಅಥವಾ 25,000ಕ್ಕೆ ಕಡಿಮೆಯಿಲ್ಲದ ದಂಡ ವಿಧಿಸಬಹುದು. ಬದುಕುಳಿದ ಮಗುವಿನ ಪಾಲನ್ನು ಸಾಮಾನ್ಯವಾಗಿ 18 ತುಂಬುವವರೆಗೆ ಬ್ಯಾಂಕಿನಲ್ಲಿ ಎಫ್‌ಡಿ ಇಡಿಸುತ್ತಾರೆ. ಬಡ್ಡಿಯನ್ನು ಮಗುವಿನ ಖರ್ಚಿಗೆ ತಿಂಗಳು ತಿಂಗಳು ತೆಗೆಯಲು ಆದೇಶದಲ್ಲೇ ಅನುಮತಿ ಬರೆಸಿಕೊಳ್ಳಿ. ಫಿಸಿಯೋಥೆರಪಿಗೋ ಆಪರೇಷನ್ನಿಗೋ ಅಸಲೇ ಬೇಕಾದರೆ ವೈದ್ಯರ ಚೀಟಿ, ಖರ್ಚಿನ ಅಂದಾಜು ಇಟ್ಟು ಅಲ್ಲೇ ಅರ್ಜಿ ಕೊಡಬಹುದು.